ಬಡಿಸುವವರು ಬೇಕಾಗಿದ್ದಾರೆ

ನಮ್ಮ ಕನ್ನಡ ಸಂಘದ ಪತ್ರಿಕೆಯ ಪುಟ ಕಟ್ಟುವವರು ನಿನ್ನೆಯಿಂದ ಮೂರು ಸಲ ಫೋನ್ ಮಾಡಿದ್ದಾರೆ. ಈಗ ರಾತ್ರಿ ಹನ್ನೊಂದೂವರೆ. ರಾಜ್ಯೋತ್ಸವದ ಬಗ್ಗೆ ಗಂಭೀರವಾಗಿ ಏನಾದರೂ ಬರೆಯಬೇಕೆಂದಿದ್ದೆ, ಆಗಲಿಲ್ಲ. ತಲೆಯಲ್ಲಿರುವುದು ಶನಿವಾರದ ಊಟ. ಅದನ್ನೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಗಿಯೋತಿಯೇರ್ ಕಡೆಯ ನಮ್ಮ ಹಳೆಯ ದಿನಸಿ ಅಂಗಡಿ ಮುಚ್ಚಿದ್ದು ಲಿಯೋನ್‌ನಲ್ಲಿರುವ ನಿಮಗೆಲ್ಲ ಗೊತ್ತು. ಅದೇ ಜಾಗದಲ್ಲಿ ಕಳೆದ ತಿಂಗಳು ಬಿಳಿ ಮೇಜುಬಟ್ಟೆಯ ಫ್ರೆಂಚ್ ಹೋಟೆಲೊಂದು ಶುರುವಾಗಿದೆ. ತೊಗರಿಬೇಳೆಯ ಮೂಟೆಗಳಿದ್ದ ಮೂಲೆಯಲ್ಲಿ ಈಗ ವೈನ್ ಬಾಟಲಿಗಳು ಮಲಗಿವೆ. ಸಂಘದ ಊಟಗಳಲ್ಲಿ ಸಾರು ಬಡಿಸುವ ನಮ್ಮ ಸಾರಜ್ಜ ಮುಂದಿನ ವಾರ ಮೈಸೂರಿಗೆ ಹೊರಟಿದ್ದಾರಲ್ಲ, ಇನ್ನು ಅಲ್ಲೇ. ಕೊನೆಯ ಊಟಕ್ಕೆ ಎಲ್ಲಿಗೆ ಹೋಗೋಣ ಎಂದು ಕೇಳಿದರೆ ಅವರೇ ಅಲ್ಲಿಗೆ ಎಂದರು. “ಇಪ್ಪತ್ತು ವರ್ಷ ಆ ಬಾಗಿಲಿನಿಂದ ಹುಣಸೆಹಣ್ಣು ಹೊತ್ತಿದ್ದೇನೆ, ಒಂದು ಸಲ ಒಳಗೆ ಕೂತು ಉಣ್ಣುತ್ತೇನೆ.” ಮಧ್ಯಾಹ್ನದ ಊಟ ತಲೆಗೆ 45 ಯೂರೋ, ರಾತ್ರಿಗೆ ಅದರ ಎರಡರಷ್ಟು. ಹಾಗಾಗಿ ಮಧ್ಯಾಹ್ನವೇ ಹೋದೆವು. (ಸಂಘದ ದುಡ್ಡಲ್ಲ, ಖಜಾಂಚಿಯವರು ಗಾಬರಿಯಾಗುವುದು ಬೇಡ.)

ಸಸ್ಯಾಹಾರಿಗಳೆಂದು ಮೊದಲೇ ಹೇಳಿದ್ದೆವು. ಬಾಗಿನದ ಮೊರದಷ್ಟು ಅಗಲದ ತಟ್ಟೆ ಬಂತು, ನಡುವೆ ನೆಲ್ಲಿಕಾಯಿ ಗಾತ್ರದ ಏನೋ ಒಂದು. ಮಗಳು ತಟ್ಟೆಯನ್ನು ದಿಟ್ಟಿಸಿ ನೋಡಿ, “ಇದರಲ್ಲಿ ಯಾರೋ ಆಗಲೇ ತಿಂದುಬಿಟ್ಟಿದ್ದಾರೆ” ಎಂದಳು. ಅದರ ಹಿಂದೆ ಸೆರ್ವೆಲ್ ದ ಕಾನ್ಯೂ. ಈ ಊರಿನ ರೇಷ್ಮೆ ನೇಕಾರರ ಹೆಸರು ಹೊತ್ತ ತಿನಿಸು, ಹೆಸರಿನ ಅರ್ಥ ‘ನೇಕಾರನ ಮೆದುಳು’. ಅರ್ಥ ತಿಳಿದಿದ್ದೇ ಮಗಳು ಚಮಚ ಕೆಳಗಿಟ್ಟಳು. ಇರುವುದಿಷ್ಟೇ: ಹಸಿ ಚೀಸಿಗೆ ಹೆಚ್ಚಿದ ಸಣ್ಣ ಈರುಳ್ಳಿ, ಸೊಪ್ಪು, ವಿನೆಗರ್, ಎಣ್ಣೆ. ಸಾರಜ್ಜ ನಾಲಗೆಗೆ ಹಚ್ಚಿಕೊಂಡು ತೀರ್ಪು ಕೊಟ್ಟರು: “ಮೊಸರುಬಜ್ಜಿ. ಒಗ್ಗರಣೆ ಮರೆತಿದ್ದಾರೆ.”

ಆದರೆ ಅವರ ಕಣ್ಣು ತಟ್ಟೆಯ ಮೇಲಿರಲಿಲ್ಲ. ಐದು ಜನರಿಗೆ ಮೂವರು ಬಂದು, ಕಣ್ಣಲ್ಲೇ ಮಾತಾಡಿಕೊಂಡು, ಐದೂ ತಟ್ಟೆಗಳನ್ನು ಒಂದೇ ಗಳಿಗೆಯಲ್ಲಿ ಇಡುತ್ತಿದ್ದರು. ಒಂದು ಬಗೆಗೂ ಇನ್ನೊಂದಕ್ಕೂ ನಡುವೆ ಹುಡುಗನೊಬ್ಬ ಬಾಗಿದ ಲೋಹದ ಪಟ್ಟಿಯಿಂದ ಬ್ರೆಡ್ಡಿನ ಚೂರುಗಳನ್ನು ಸದ್ದಿಲ್ಲದೆ ಬಳಿದುಕೊಂಡು ಹೋದ. ಸಾರಜ್ಜ ಅವನ ಮಣಿಕಟ್ಟನ್ನೇ ನೋಡುತ್ತಿದ್ದರು. “ಹುಡುಗನಿಗೆ ಕೈ ಇದೆ” ಎಂದರು.

ಆ ಮಾತಿಗೆ ನನಗೆ ಚಿಕ್ಕಪ್ಪ ನೆನಪಾದ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಂಗಳದ ಮದುವೆಗಳಲ್ಲಿ ಸಾರಿನ ಬಕೆಟ್ ಅವನದೇ. ಹತ್ತು ವರ್ಷದ ನನಗೆ ಉಪ್ಪು. ಎಲೆಯ ಎಡತುದಿಗೆ ಚಿಟಿಕೆ ಹಾಕಿ ಮುಂದೆ ಹೋಗಬೇಕು, ತಲೆ ಎತ್ತಬಾರದು. ಉಪ್ಪಿನಿಂದ ಕೋಸಂಬರಿಗೆ ಬಡ್ತಿ ಸಿಗಲು ಎರಡು ಮದುವೆ, ಸಾರಿನ ಸೌಟು ಮುಟ್ಟಲು ಇನ್ನೂ ನಾಲ್ಕು. ಮೊದಲ ದಿನ ಚಿಕ್ಕಪ್ಪ ಹೇಳಿದ್ದು: “ಎಲೆ ನೋಡಬೇಡ, ಕೈ ನೋಡು.” ಉಣ್ಣುವವರ ಬೆರಳು ಅನ್ನದ ನಡುವೆ ಗುಳಿ ಮಾಡುತ್ತದೆ. ಗುಳಿಯಾಗುವ ಹೊತ್ತಿಗೆ ಸೌಟು ಅಲ್ಲಿರಬೇಕು. ಮೊದಲೇ ಹೋದರೆ ಸಾರು ಹರಿದು ಪಲ್ಯಕ್ಕೆ ಸೇರುತ್ತದೆ, ತಡವಾದರೆ ಅವರು ಕಾಯುವಂತಾಗುತ್ತದೆ. ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದವರ ಬೆರಳುಗಳು ಸಡಿಲವಾಗಿದ್ದರೆ ಇನ್ನರ್ಧ ಸೌಟು, ಬಿಗಿಯಾಗಿದ್ದರೆ ನಿಜಕ್ಕೂ ಸಾಕು. ಕೊನೆಯವರು ಮೊಸರನ್ನ ಮುಗಿಸುವ ತನಕ ಯಾರೂ ಏಳುವಂತಿರಲಿಲ್ಲ. ಹಿತ್ತಿಲಲ್ಲಿ ಇನ್ನೊಂದು ಸಾಲು ಕೂರುತ್ತಿತ್ತು. ಅಲ್ಲಿಗೆ ಸಾರು ತಡವಾಗಿ, ತೆಳ್ಳಗಾಗಿ ಹೋಗುತ್ತಿತ್ತು. ಆ ವಯಸ್ಸಿನಲ್ಲಿ ನನಗದು ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಇಲ್ಲಿ ಸಂಘದ ಊಟಗಳಲ್ಲಿ ಸಾರಜ್ಜ ಪ್ರತಿ ಸಲ ಬಾಗಿಲ ಬಳಿಯ ಕೊನೆಯ ಮೇಜಿನಿಂದ ಬಡಿಸಲು ಶುರುಮಾಡುತ್ತಿದ್ದುದೇಕೆಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಅಂದಹಾಗೆ, ಒಂದೊಂದೇ ಬಗೆ ತಂದಿಡುವುದು ಫ್ರೆಂಚರ ಹಳೆಯ ಕ್ರಮವೇನಲ್ಲ. ಮೊದಲು ಇವರ ಸಿರಿವಂತರ ಮನೆಗಳಲ್ಲೂ ಹತ್ತಾರು ಬಗೆಗಳನ್ನು ಮೇಜಿನ ಮೇಲೆ ಒಟ್ಟಿಗೇ ಹರಡುತ್ತಿದ್ದರು, ಹೆಚ್ಚುಕಡಿಮೆ ನಮ್ಮ ಬಾಳೆಎಲೆಯ ಹಾಗೆ. ಈಗಿನ ಕ್ರಮ 19ನೆಯ ಶತಮಾನದಲ್ಲಿ ರಷ್ಯಾದವರಿಂದ ಬಂತು. 2010ರಲ್ಲಿ ಯುನೆಸ್ಕೊ ಫ್ರೆಂಚರ ಊಟವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಕೂಡ ಯಾವುದೋ ಒಂದು ಅಡುಗೆಗಾಗಿ ಅಲ್ಲ. ಮೇಜು ಹಾಸುವುದು, ಬಗೆಗಳ ಸರದಿ, ಒಟ್ಟಿಗೆ ಕೂರುವುದು, ಇವುಗಳಿಗಾಗಿ. ನಾವೋ ಕಳೆದ ಯುಗಾದಿಗೆ ಬಡಿಸುವವರಿಲ್ಲದೆ ಬಫೆ ಮಾಡಿದೆವು. ಹೋಳಿಗೆ ಮೊದಲ ಮೂವತ್ತು ಜನರಿಗೇ ಮುಗಿಯಿತು. ಸಾಲಿನ ಕೊನೆಯಲ್ಲಿ ನಿಂತಿದ್ದವರ ಮುಖ ನನಗಿನ್ನೂ ನೆನಪಿದೆ, ಒಬ್ಬರು ಆಮೇಲೆ ಬಂದೇ ಇಲ್ಲ.

ಶನಿವಾರ ಕೊನೆಗೆ ಗುಲಾಬಿ ಬಣ್ಣದ ಪ್ರಲೀನ್ ಟಾರ್ಟ್ ಬಂತು. ಮಗಳು ಎರಡು ತಿಂದಳು, ಒಂದು ನನ್ನದು.

ಜಾಗ ಮುಗಿಯುತ್ತಿದೆ, ಸೂಚನೆಗಳು: ರಾಜ್ಯೋತ್ಸವ ನವೆಂಬರ್ ಎರಡನೆಯ ಶನಿವಾರ, ಬೆಳಗ್ಗೆ 10ಕ್ಕೆ ನಾಡಗೀತೆ, 12.30ಕ್ಕೆ ಊಟ, ಅದರ ಮುಂದಿನ ವಾರ ಮಾಡಿ ಎಂದು ಕೆಲವರು ಕೇಳಿದ್ದಿರಿ, ಆಗ ಪಕ್ಕದ ಬೋಜೊಲೆ ಸೀಮೆಯ ಹೊಸ ವೈನ್ ಬಿಡುಗಡೆಯ ಗಲಾಟೆ, ಸಭಾಂಗಣ ಸಿಗಲಿಲ್ಲ. ಮಕ್ಕಳ ಕನ್ನಡ ತರಗತಿ ಎಂದಿನಂತೆ ಬುಧವಾರ, ಪೆನ್ಸಿಲ್ ಕಳಿಸಿ. ದೀಪಾವಳಿಯ ಹಣತೆಗಳನ್ನು ಎಸೆಯಬೇಡಿ, ಡಿಸೆಂಬರ್ 8ರಂದು ಊರೆಲ್ಲ ಕಿಟಕಿಗಳಲ್ಲಿ ದೀಪ ಇಡುವಾಗ ನಾವೂ ಇಡೋಣ. ಚಂದಾ ಬಾಕಿ ಇರುವವರು ಯಾರೆಂದು ನಿಮಗೇ ಗೊತ್ತು.

ಎಪ್ಪತ್ತು ಜನರ ಊಟ. ಅಡುಗೆಗೆ ಕೈಗಳಿವೆ, ಬಡಿಸಲು ಈವರೆಗೆ ನಾನೊಬ್ಬನೇ. ಆರು ಜನ ಬೇಕು. ಅನುಭವ ಬೇಡ, ಉಪ್ಪಿನಿಂದ ಶುರುಮಾಡಿಸುತ್ತೇನೆ. ಹದಿಹರೆಯದವರಿದ್ದರೆ ಇನ್ನೂ ಒಳ್ಳೆಯದು, ಮೊಬೈಲ್ ಇಡಲು ಬುಟ್ಟಿ ಕೊಡುತ್ತೇನೆ. ಸಾರಜ್ಜನ ಬಕೆಟ್ ಮತ್ತು ಸೌಟು ನಮ್ಮ ಮನೆಗೆ ಬಂದಿವೆ. ಬಕೆಟ್ಟಿನ ಹಿಡಿ ಸಡಿಲವಾಗಿದೆ, ಯಾರ ಹತ್ತಿರವಾದರೂ ಅದಕ್ಕೆ ಕೂರುವ ಸ್ಕ್ರೂ ಇದ್ದರೆ ಬರುವಾಗ ತನ್ನಿ.