ಗೆಳೆಯನಿಗೊಂದು ಪತ್ರ: ಫುಟ್‌ಬಾಲ್ ತಂಡ ನೋಡಿಕೊಂಡ ಭೌತವಿಜ್ಞಾನಿ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಒಂದೇ ಸಾಲು ಅಡ್ಡ ಬರುತ್ತದೆ: 'ನನ್ನ ಲೆಕ್ಕ ಸರಿಯೋ ತಪ್ಪೋ ಎಂದು ಹೇಳಬಲ್ಲವರು ಈ ಊರಲ್ಲಿ ಒಬ್ಬರೂ ಇಲ್ಲ.' ಪಿಎಚ್‌.ಡಿ. ಮುಗಿಸಿ ವಾಪಸ್ ಬಂದದ್ದೇ ತಪ್ಪಾಯಿತೇ ಎಂದೂ ಕೇಳಿದ್ದೀಯ. ಆ ಪ್ರಶ್ನೆ ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ ಅವರನ್ನೂ ಸುಟ್ಟಿತ್ತು ಕಣೋ. ಎಂ.ಎಸ್ಸಿ.ಯಲ್ಲಿ ನಾವು ಅವರ ಸಮೀಕರಣ ಓದಿದೆವು, ಅವರ ಬದುಕನ್ನು ಓದಲೇ ಇಲ್ಲ.

1926ರಲ್ಲಿ ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದವರು. ಝಂಗ್ ಎಂಬ ಸಣ್ಣ ಊರಿನಲ್ಲಿ ಬೆಳೆದರು. ಹದಿಹರೆಯದಲ್ಲೇ ಬರೆದ ಮೊದಲ ಪ್ರಬಂಧ ರಾಮಾನುಜನ್ ಅವರ ಒಂದು ಸಮಸ್ಯೆಯ ಬಗ್ಗೆ. 1946ರಲ್ಲಿ ಕೇಂಬ್ರಿಜ್‌ಗೆ ಹೋದರು. ಕಣಗಳ ಲೆಕ್ಕ ಹಾಕುವಾಗ ಉತ್ತರ ಅನಂತಕ್ಕೆ ಓಡುತ್ತದಲ್ಲ, ಆ ಅನಂತಗಳು ಒಂದರೊಳಗೊಂದು ಹೆಣೆದುಕೊಂಡಾಗ ಬಿಡಿಸುವುದು ಹೇಗೆ ಎಂಬುದು ಆಗ ದೊಡ್ಡ ದೊಡ್ಡವರನ್ನೇ ಕಾಡುತ್ತಿದ್ದ ಗಂಟು. ಇಪ್ಪತ್ತೈದು ತುಂಬುವ ಹೊತ್ತಿಗೆ ಸಲಾಂ ಅದರ ಒಂದು ಮುಖ್ಯ ಎಳೆಯನ್ನು ಬಿಡಿಸಿದ್ದರು. ಜಗತ್ತಿನ ಭೌತವಿಜ್ಞಾನಿಗಳಿಗೆಲ್ಲ ಹೆಸರು ಗೊತ್ತಾಗಿತ್ತು.

ಹಾಗಿದ್ದೂ 1951ರಲ್ಲಿ ಲಾಹೋರಿಗೆ ಮರಳಿದರು. ಗವರ್ನಮೆಂಟ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕ. ಸಂಶೋಧನೆಯನ್ನು ಮರೆತುಬಿಡಿ, ಹಾಸ್ಟೆಲ್ ವಾರ್ಡನ್‌ಗಿರಿಯೋ, ಲೆಕ್ಕಪತ್ರವೋ, ಫುಟ್‌ಬಾಲ್ ತಂಡವೋ, ಮೂರರಲ್ಲಿ ಒಂದನ್ನು ನೋಡಿಕೊಳ್ಳಿ ಎಂದು ಕಾಲೇಜಿನ ಮುಖ್ಯಸ್ಥರು ಹೇಳಿದರಂತೆ. ಸಲಾಂ ಫುಟ್‌ಬಾಲ್ ತಂಡವನ್ನು ಆರಿಸಿಕೊಂಡರು. ನಿನಗೆ ಹಾಸ್ಟೆಲ್ ವಹಿಸಿದ್ದಾರೆ ಎಂದು ಬರೆದಿದ್ದೆಯಲ್ಲ, ಆಗ ನನಗೆ ನೆನಪಾದದ್ದು ಇದೇ.

ಒಮ್ಮೆ ಹೆಸರಾಂತ ಭೌತವಿಜ್ಞಾನಿ ವುಲ್ಫ್‌ಗಾಂಗ್ ಪೌಲಿ ಮುಂಬಯಿಗೆ ಬಂದಿದ್ದರು. ಬಂದು ಮಾತಾಡು ಎಂದು ತಂತಿ ಕೊಟ್ಟರು. ಸಲಾಂ ಹಿಂದುಮುಂದು ನೋಡದೆ ಹೊರಟುಬಿಟ್ಟರು. ಹಿಂತಿರುಗಿದಾಗ ಕಾದಿದ್ದದ್ದು ಅನುಮತಿಯಿಲ್ಲದೆ ಊರು ಬಿಟ್ಟದ್ದೇಕೆ ಎಂಬ ವಿಚಾರಣೆ. ತನ್ನ ಭಾಷೆ ಬಲ್ಲ ಒಬ್ಬ ಮನುಷ್ಯನ ಜೊತೆ ನಾಲ್ಕು ಮಾತಾಡಲು ಹೋದದ್ದು ಅಪರಾಧವಾಯಿತು! ಈ ಭಾಗ ಓದುವಾಗ ನನಗೆ ನಿಜಕ್ಕೂ ಗಂಟಲು ಕಟ್ಟುತ್ತದೆ.

1953ರಲ್ಲಿ ಲಾಹೋರಿನಲ್ಲಿ ಅಹ್ಮದೀಯರ ವಿರುದ್ಧ ದಂಗೆ ಎದ್ದಿತು. ತಮ್ಮನ್ನು ಮುಸ್ಲಿಮರೆಂದೇ ಹೇಳಿಕೊಳ್ಳುವ ಆ ಪಂಥದವರು ಸಲಾಂ. ಮರುವರ್ಷ ಕೇಂಬ್ರಿಜ್‌ಗೆ ಹೊರಟುಹೋದರು, 1957ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ. ದೇಶ ಬೇಕೋ ಭೌತವಿಜ್ಞಾನ ಬೇಕೋ ಎಂಬ ಆಯ್ಕೆಯಲ್ಲಿ ದೇಶ ಬಿಡಬೇಕಾಯಿತು. ಆದರೆ ಬ್ರಿಟಿಷ್ ಪೌರತ್ವ ಮಾತ್ರ ಕೊನೆಯವರೆಗೂ ಪಡೆಯಲಿಲ್ಲ.

ಹಾಗಂತ ದೊಡ್ಡವರ ನಡುವೆ ಇದ್ದರೆ ಎಲ್ಲ ಸರಿಹೋಗುತ್ತದೆ ಅಂತೇನೂ ಅಲ್ಲ. 1956ರಲ್ಲಿ ಅಮೆರಿಕದಿಂದ ಲಂಡನ್ನಿಗೆ ರಾತ್ರಿ ವಿಮಾನ. ಒಳಗೆ ಮಕ್ಕಳ ಅಳು, ನಿದ್ದೆಯಿಲ್ಲ. ಸಲಾಂ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣದ ಬಗ್ಗೆ ಯೋಚಿಸುತ್ತ ಕೂತಿದ್ದರು. ಅದಕ್ಕೆ ದ್ರವ್ಯರಾಶಿ ಸೊನ್ನೆಯಾಗಿದ್ದರೆ ಎಡ-ಬಲದ ಸಮತೆ, ಅಂದರೆ ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬದಲ್ಲೂ ನಿಸರ್ಗದ ನಿಯಮ ಒಂದೇ ಎಂಬ ನಂಬಿಕೆ, ಮುರಿಯುವುದು ಸಹಜ ಎಂದು ಹೊಳೆಯಿತು. ಪ್ರಬಂಧ ಪೌಲಿಯವರಿಗೆ ತಲುಪಿತು. ಇದಕ್ಕಿಂತ ಒಳ್ಳೆಯದೇನಾದರೂ ಯೋಚಿಸಲಿ ಎಂದು ಅವರು ಹೇಳಿಕಳಿಸಿದರು. ಕೆಲವೇ ತಿಂಗಳಲ್ಲಿ ಭೌತವಿಜ್ಞಾನಿ ಚಿಯೆನ್-ಶಿಯುಂಗ್ ವೂ ಅವರ ಪ್ರಯೋಗ ಆ ಸಮತೆ ಮುರಿಯುವುದನ್ನು ತೋರಿಸಿತು. ಯಾರನ್ನು ಕಾಣಲು ಮುಂಬಯಿಗೆ ಓಡಿದ್ದರೋ ಅವರ ಮಾತೇ ಇಲ್ಲಿ ಕಾಲಿಗೆ ತೊಡಕಾಯಿತು.

1979ರ ನೊಬೆಲ್ ಕಥೆ ನಿನಗೆ ಗೊತ್ತೇ ಇದೆ. ವಿದ್ಯುತ್ಕಾಂತ ಬಲ ಮತ್ತು ಕೆಲವು ವಿಕಿರಣಶೀಲ ಕ್ಷಯಗಳ ಹಿಂದಿರುವ ದುರ್ಬಲ ಬಲ ಒಂದೇ ಬಲದ ಎರಡು ಮುಖ ಎಂಬ ಸಿದ್ಧಾಂತಕ್ಕೆ ಗ್ಲಾಶೋ, ವೈನ್‌ಬರ್ಗ್ ಜೊತೆ ಹಂಚಿಕೊಂಡದ್ದು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಟ್ರಿಯೆಸ್ಟೆ ಊರಿನಲ್ಲಿ ಅವರು ಕಟ್ಟಿದ ಕೇಂದ್ರ. ಬಡ ದೇಶಗಳವರಿಗಾಗಿ ಸೈದ್ಧಾಂತಿಕ ಭೌತವಿಜ್ಞಾನದ ಕೇಂದ್ರ ಬೇಕು ಎಂದು ಸಲಾಂ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮುಂದೆ ಪಟ್ಟುಹಿಡಿದರು. ಅದು ವಿಜ್ಞಾನದ ರೋಲ್ಸ್ ರಾಯ್ಸ್, ಆ ದೇಶಗಳಿಗೆ ಬೇಕಾದ್ದು ಎತ್ತಿನ ಗಾಡಿ ಎಂದು ಒಬ್ಬ ಪ್ರತಿನಿಧಿ ಹೇಳಿದನಂತೆ. ಗಾಡಿಯಲ್ಲಿ ಬಂದ ಮಕ್ಕಳೇ ನಾವು, ಆ ಮಾತು ಈಗಲೂ ಚುಚ್ಚುತ್ತದೆ. ಸಲಾಂ ಬಿಡಲಿಲ್ಲ. 1964ರಲ್ಲಿ ಇಟಲಿಯ ಆ ಸಮುದ್ರದಂಡೆಯ ಊರಿನಲ್ಲಿ ಕೇಂದ್ರ ತೆರೆಯಿತು. ಸುಮಾರು ಮೂವತ್ತು ವರ್ಷ ಅವರೇ ನಿರ್ದೇಶಕರು.

ಅಲ್ಲಿ ಅವರು ಮಾಡಿದ ಏರ್ಪಾಡು ನೋಡು. ಊರು ಬಿಡಬೇಡ, ನಿನ್ನ ಕಾಲೇಜಿನಲ್ಲೇ ಇರು. ಕೆಲವು ವರ್ಷಗಳ ಅವಧಿಯಲ್ಲಿ ಮೂರು ಸಲ ಇಲ್ಲಿಗೆ ಬಾ, ವಾರಗಟ್ಟಲೆ ಇರು, ಗ್ರಂಥಾಲಯ ಬಳಸು, ನಿನ್ನಂಥವರ ಜೊತೆ ಮಾತಾಡು, ವಾಪಸ್ ಹೋಗು. ಖರ್ಚು ಕೇಂದ್ರದ್ದು. ಅಸೋಸಿಯೇಟ್ ಯೋಜನೆ ಅಂದರೆ ಇದೇ. ಲಾಹೋರಿನಲ್ಲಿ ತಮಗೆ ಸಿಗದಿದ್ದುದನ್ನು ಅಳತೆ ತೆಗೆದು ಹೊಲಿದಂತಿದೆ.

1974ರಲ್ಲಿ ಪಾಕಿಸ್ತಾನ ತನ್ನ ಸಂವಿಧಾನ ತಿದ್ದಿ ಅಹ್ಮದೀಯರು ಮುಸ್ಲಿಮರಲ್ಲ ಎಂದು ಸಾರಿತು. 1996ರಲ್ಲಿ ಸಲಾಂ ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು, ಮಣ್ಣು ಮಾಡಿದ್ದು ತಾಯ್ನೆಲದ ರಬ್ವಾದಲ್ಲಿ. ಸಮಾಧಿಯ ಕಲ್ಲಿನ ಮೇಲಿದ್ದ 'ಮುಸ್ಲಿಂ' ಎಂಬ ಪದವನ್ನೂ ಅಳಿಸಿದರು. ಇದರ ಬಗ್ಗೆ ಹೆಚ್ಚು ಬರೆಯಲು ನನ್ನ ಕೈಲಾಗುತ್ತಿಲ್ಲ.

ಆ ಯೋಜನೆ ಈಗಲೂ ಇದೆ. ಅರ್ಜಿ ಹಾಕು. ನಿನ್ನ ಸಂಶೋಧನಾ ಪ್ರಸ್ತಾವದ ಕರಡು ಕಳಿಸು, ಭಾನುವಾರ ಕೂತು ಇಬ್ಬರೂ ಫೋನಿನಲ್ಲಿ ಸಾಲುಸಾಲಾಗಿ ತಿದ್ದೋಣ. ಆ ಅರ್ಧಕ್ಕೆ ನಿಂತ ಲೆಕ್ಕವನ್ನೂ ಜೊತೆಗಿಡು, ನನಗೆ ಪೂರ್ತಿ ಅರ್ಥವಾಗದಿದ್ದರೂ ನೋಡಬೇಕು.

ಇಂತಿ,
ನಿನ್ನ ಹಳೆಯ ರೂಮ್‌ಮೇಟ್