ಗಿಜೋನ ಬದುಕು ಬರೆಯುತ್ತಿರುವ ಕಿರಿಯ ಮಿತ್ರರಿಗೆ

ಪ್ರಿಯ ಮಿತ್ರರೇ,

ನಮಸ್ಕಾರ. ಫ್ರಾನ್ಸಿನ ಇತಿಹಾಸಕಾರ, ರಾಜಕಾರಣಿ ಫ್ರಾನ್ಸ್ವಾ ಗಿಜೋ ಬಗೆಗಿನ ನಿಮ್ಮ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಪಟ್ಟ ಶ್ರಮ ಎದ್ದು ಕಾಣುತ್ತದೆ. ಆದರೆ ಓದಿ ಮುಗಿಸಿದಾಗ ಯಾರೋ ಸರ್ಕಾರಿ ನೌಕರನ ಸೇವಾ ಪುಸ್ತಕ ತಿರುವಿ ಹಾಕಿದಂತಾಯಿತು: 1812ರಲ್ಲಿ ಪ್ರಾಧ್ಯಾಪಕ, 1832ರಲ್ಲಿ ಶಿಕ್ಷಣ ಮಂತ್ರಿ, 1840ರಲ್ಲಿ ಲಂಡನ್ನಿನ ರಾಯಭಾರಿ, ಕೊನೆಗೆ ಪ್ರಧಾನಿ. ಹುದ್ದೆಗಳೆಲ್ಲ ಸಿಕ್ಕವು, ಮನುಷ್ಯ ಸಿಗಲಿಲ್ಲ.

ತಂದೆಯ ಸಾವನ್ನು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ಗಿಜೋ ಹುಟ್ಟಿದ್ದು 1787ರ ಅಕ್ಟೋಬರಿನಲ್ಲಿ, ನೀಮ್ ಪಟ್ಟಣದ ಪ್ರಾಟೆಸ್ಟೆಂಟ್ ಕುಟುಂಬದಲ್ಲಿ. ಆಗ ಫ್ರಾನ್ಸಿನಲ್ಲಿ ಪ್ರಾಟೆಸ್ಟೆಂಟರ ಹುಟ್ಟಿಗಾಗಲಿ ಮದುವೆಗಾಗಲಿ ಕಾನೂನಿನ ಮಾನ್ಯತೆ ಇರಲಿಲ್ಲ. ಆ ಮಾನ್ಯತೆ ಕೊಟ್ಟ ರಾಜಾಜ್ಞೆ ಹೊರಟದ್ದು ಅವನು ಹುಟ್ಟಿದ ಮರುತಿಂಗಳು. 1789ರ ಕ್ರಾಂತಿ ಪ್ರಾಟೆಸ್ಟೆಂಟರಿಗೆ ಸಮಾನ ಹಕ್ಕು ಕೊಟ್ಟಿತು. ಅದೇ ಕ್ರಾಂತಿ 1794ರ ಏಪ್ರಿಲ್ 8ರಂದು ಅವನ ತಂದೆಯನ್ನು ತಲೆ ಕಡಿಯುವ ಗಿಲೊಟಿನ್ನಿಗೆ ಒಪ್ಪಿಸಿತು. ಹುಡುಗನಿಗೆ ಆಗ ಆರು ವರ್ಷ. ತಾಯಿ ಮಕ್ಕಳನ್ನು ಕಟ್ಟಿಕೊಂಡು ಜಿನೀವಾಕ್ಕೆ ಹೋದಳು. ಅಲ್ಲಿ ಅವನು ಗ್ರೀಕ್, ಲ್ಯಾಟಿನ್ ಜೊತೆಗೆ ಮರಗೆಲಸವನ್ನೂ ಕಲಿತ. ಹಳೆಯ ರಾಜಶಾಹಿ ಮರಳಿ ಬಂದೀತೆಂಬ ಭಯ ಒಂದು ಕಡೆ, ಬೀದಿಗಿಳಿದ ಜನಸಮೂಹದ ಭಯ ಇನ್ನೊಂದು ಕಡೆ. ಅವನ ಇಡೀ ರಾಜಕೀಯ ಈ ಎರಡರ ನಡುವೆ ನಡೆಯಿತು.

ಪೋಲಿನ್ ದ ಮ್ಯೂಲಾನ್ ಪ್ರಸಂಗವನ್ನೂ ಕೈಬಿಟ್ಟಿದ್ದೀರಿ. ಚರಿತ್ರೆಯ ಪುಸ್ತಕದಲ್ಲಿ ಪ್ರೇಮಕಥೆ ಯಾಕೆ ಎಂಬ ಸಂಕೋಚವೇ? ಆಕೆ ಪ್ಯಾರಿಸಿನಲ್ಲಿ ಪತ್ರಿಕೆಗೆ ಬರೆದು ಸಂಸಾರ ಸಾಕುತ್ತಿದ್ದಳು. ಕಾಯಿಲೆ ಬಿದ್ದು ಬರಹ ನಿಂತಾಗ, ಹೆಸರಿಲ್ಲದ ಪತ್ರವೊಂದು ಬಂತು: ನೀವು ಚೇತರಿಸಿಕೊಳ್ಳುವ ತನಕ ನಿಮ್ಮ ಬದಲು ನಾನು ಬರೆಯುತ್ತೇನೆ. ಲೇಖನಗಳು ತಪ್ಪದೆ ಬಂದವು, ಆಕೆಯ ಸಂಪಾದನೆ ಉಳಿಯಿತು. ಬರೆದವನು ಆಕೆಗಿಂತ ಹದಿನಾಲ್ಕು ವರ್ಷ ಚಿಕ್ಕವನಾದ ಗಿಜೋ. 1812ರಲ್ಲಿ ಅವರು ಮದುವೆಯಾದರು. ಸದನದಲ್ಲಿ ಕಲ್ಲಿನಂತೆ ನಿಂತು ಮಾತನಾಡುತ್ತಿದ್ದ, ಎದುರಾಳಿಗಳು ಅಹಂಕಾರಿ ಎಂದೇ ಕರೆದ ಮನುಷ್ಯ ಇವನೇನಾ ಎಂದು ಓದುಗರಿಗೆ ಅನುಮಾನ ಬರಬೇಕು. ಆ ಅನುಮಾನ ಹುಟ್ಟಿಸದೆ ಅವನ ಗತ್ತನ್ನು ವರ್ಣಿಸಿ ಏನು ಪ್ರಯೋಜನ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮ ಪುಸ್ತಕದಲ್ಲಿ ಇತಿಹಾಸಕಾರ ಒಂದು ಅಧ್ಯಾಯದಲ್ಲಿದ್ದಾನೆ, ಮಂತ್ರಿ ಇನ್ನೊಂದರಲ್ಲಿ. ಇಬ್ಬರೂ ಭೇಟಿಯಾಗುವುದೇ ಇಲ್ಲ. 1828ರಿಂದ ಪ್ಯಾರಿಸಿನ ವಿಶ್ವವಿದ್ಯಾಲಯವಾದ ಸಾರ್ಬಾನ್‌ನಲ್ಲಿ ಅವನು ಕೊಟ್ಟ ಉಪನ್ಯಾಸಗಳ ತಿರುಳೇನು? ಮಧ್ಯಯುಗದ ಪಟ್ಟಣಗಳ ವರ್ತಕರು, ಕುಶಲಕರ್ಮಿಗಳು ಪಾಳೆಯಗಾರರ ಜೊತೆ ಸೆಣಸುತ್ತ ಮೇಲೆ ಬಂದರು. ವರ್ಗಗಳ ಈ ಹೋರಾಟವೇ ಯೂರೋಪನ್ನು ಮುಂದೆ ನಡೆಸಿತು ಎಂಬುದು. ಹೀಗೆ ಕಲಿಸಿದವನೇ ಅಧಿಕಾರಕ್ಕೆ ಬಂದಾಗ, ಮಧ್ಯಮ ವರ್ಗ ಗೆದ್ದಾಯಿತು, ಹೋರಾಟ ಮುಗಿಯಿತು ಎಂಬಂತೆ ನಡೆದುಕೊಂಡ. ಮೂರೂವರೆ ಕೋಟಿ ಜನರ ದೇಶದಲ್ಲಿ ವರ್ಷಕ್ಕೆ 200 ಫ್ರಾಂಕ್ ನೇರ ತೆರಿಗೆ ಕಟ್ಟುವವರಿಗೆ ಮಾತ್ರ ಮತ. ಅಂಥವರು ಸುಮಾರು ಎರಡೂವರೆ ಲಕ್ಷ. 1833ರಲ್ಲಿ ಪ್ರತಿ ಗ್ರಾಮಾಡಳಿತವೂ ಪ್ರಾಥಮಿಕ ಶಾಲೆ ನಡೆಸಬೇಕೆಂದು ಕಾನೂನು ತಂದವನೂ ಇವನೇ. ಊರೂರಿನ ಮಕ್ಕಳಿಗೆ ಅಕ್ಷರ ಕೊಟ್ಟ, ಅವರ ಅಪ್ಪಂದಿರಿಗೆ ಮತ ಕೊಡಲು ಒಪ್ಪಲಿಲ್ಲ. ಪುಸ್ತಕದ ಗಂಟು ಇರುವುದು ಇಲ್ಲಿ. ಅದನ್ನು ಬಿಡಿಸುವ ಅವಸರ ಬೇಡ, ಮೊದಲು ತೋರಿಸಿ.

‘ಶ್ರೀಮಂತರಾಗಿ’ ಎಂದು ಅವನು ಅಂದದ್ದನ್ನು ಎಲ್ಲರಂತೆ ನೀವೂ ಹಣದಾಸೆಯ ಘೋಷಣೆಯಾಗಿ ಬಳಸಿದ್ದೀರಿ. 1843ರ ಆ ಭಾಷಣದಲ್ಲಿ ‘ಜ್ಞಾನವಂತರಾಗಿ’ ಎಂಬ ಮಾತು ಅದಕ್ಕಿಂತ ಮುಂಚೆ ಬರುತ್ತದೆ; ಫ್ರಾನ್ಸಿನ ನೈತಿಕ, ಭೌತಿಕ ಸ್ಥಿತಿಯನ್ನು ಸುಧಾರಿಸಿ ಎಂಬುದು ಅದರ ಹಿಂದೆಯೇ ಬರುತ್ತದೆ. ಪೂರ್ತಿ ವಾಕ್ಯ ಕೊಡಿ. ಹಾಗೆಂದು ವಕಾಲತ್ತು ವಹಿಸಬೇಡಿ. ಇರುವ ಹಕ್ಕನ್ನು ಬಳಸಿಕೊಳ್ಳಿ ಎಂದ ಆ ಸದನದ ಹೊರಗೆ, ಹಕ್ಕೇ ಇಲ್ಲದವರು ಕೋಟಿಗಟ್ಟಲೆ ಇದ್ದರು. ಅವರ ಕಿವಿಗೆ ಅದು ಬೇರೆ ರೀತಿ ಕೇಳಿಸಿದ್ದು ಸಹಜವೇ.

ಲಂಡನ್ ಅಧ್ಯಾಯ ಅರ್ಧಕ್ಕೆ ಇಳಿಯಲಿ. ಈಜಿಪ್ಟಿನ ಆಡಳಿತಗಾರ ಮಹಮದ್ ಅಲಿ ವಿಷಯದಲ್ಲಿ ನಾಲ್ಕು ದೇಶಗಳು 1840ರ ಜುಲೈ 15ರಂದು ಫ್ರಾನ್ಸನ್ನು ಹೊರಗಿಟ್ಟು ಒಪ್ಪಂದ ಮಾಡಿಕೊಂಡವು. ಸಹಿ ಬಿದ್ದ ಮೇಲೆಯೇ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಪಾಮರ್‌ಸ್ಟನ್ ಗಿಜೋಗೆ ತಿಳಿಸಿದ. ಒಪ್ಪಂದದ ಕಲಮುಗಳು ಯಾರಿಗೆ ಬೇಕು? ಅದೇ ಊರಿನಲ್ಲಿದ್ದ ರಾಯಭಾರಿಗೆ ಎಲ್ಲ ಮುಗಿದ ಮೇಲೆ ಸುದ್ದಿ ಮುಟ್ಟಿತಲ್ಲ, ಅದು ಸಾಕು.

ಇನ್ನೊಂದು ಎಚ್ಚರಿಕೆ. 1858ರಿಂದ 1867ರವರೆಗೆ ಎಂಟು ಸಂಪುಟಗಳಲ್ಲಿ ಬಂದ ಅವನ ಆತ್ಮಕಥನವನ್ನು ನೀವು ತೀರಾ ನಂಬಿದ್ದೀರಿ. ಬರವಣಿಗೆ ನುರಿತ ಇತಿಹಾಸಕಾರನದು, ಮೊಕದ್ದಮೆಯಲ್ಲಿ ಪ್ರತಿವಾದಿಯೂ ಅವನೇ. ಅವನನ್ನು ಉಲ್ಲೇಖಿಸಿದ ಕಡೆಯಲ್ಲೆಲ್ಲ ಇನ್ನೊಬ್ಬ ಸಾಕ್ಷಿಯನ್ನು ಕರೆಯಿರಿ. ಹತ್ತಿರದಲ್ಲೇ ಇದ್ದಾನೆ: ರಾಜಕೀಯ ಚಿಂತಕ ತೊಕ್ವಿಲ್. 1829ರಲ್ಲಿ ಗಿಜೋನ ಉಪನ್ಯಾಸ ಕೇಳಿ ಟಿಪ್ಪಣಿ ಬರೆದುಕೊಂಡಿದ್ದ ಯುವಕ, 1848ರ ಜನವರಿಯಲ್ಲಿ ಸದನದಲ್ಲೇ ಎದ್ದು, ನಾವು ಜ್ವಾಲಾಮುಖಿಯ ಮೇಲೆ ಮಲಗಿದ್ದೇವೆ ಎಂದು ಎಚ್ಚರಿಸಿದ. ಗುರುವಿನ ಪಾಠ ಶಿಷ್ಯನಿಗೆ ಹಿಡಿದಿತ್ತು. ಫೆಬ್ರುವರಿ 23ರಂದು ದೊರೆ ಲೂಯಿ ಫಿಲಿಪ್ ಗಿಜೋನನ್ನು ಹುದ್ದೆಯಿಂದ ಇಳಿಸಿ ಮನೆಗೆ ಕಳಿಸಿದ. ಆ ರಾತ್ರಿಯೇ ವಿದೇಶಾಂಗ ಕಚೇರಿಯ ಎದುರು ಸೈನಿಕರು ಜನರ ಮೇಲೆ ಗುಂಡು ಹಾರಿಸಿದರು. ಕ್ರಾಂತಿಯಾಯಿತು, ಮರುದಿನ ದೊರೆಯೂ ಸಿಂಹಾಸನ ಬಿಟ್ಟು ಹೋದ. ಗಿಜೋ ತಪ್ಪಿಸಿಕೊಂಡು ಲಂಡನ್ ಸೇರಿದ. ವಯಸ್ಸಾದ ತಾಯಿಯೂ ಬಂದಳು, ಮಾರ್ಚ್ ಮುಗಿಯುವಷ್ಟರಲ್ಲಿ ಅಲ್ಲೇ ತೀರಿಕೊಂಡಳು. ಒಂದು ಕ್ರಾಂತಿಯಲ್ಲಿ ಗಂಡನನ್ನು ಕಳೆದುಕೊಂಡವಳು ಇನ್ನೊಂದರಲ್ಲಿ ಪರದೇಶದ ಮಣ್ಣು ಸೇರಿದಳು. ನಿಮ್ಮ ಪ್ರತಿಯಲ್ಲಿ ಈ ಸಾವು ಅಡಿಟಿಪ್ಪಣಿಯಲ್ಲಿದೆ. ಪುಟದ ಮೇಲಕ್ಕೆ ತನ್ನಿ.

ನಾರ್ಮಂಡಿಯ ವಾಲ್-ರಿಷೆಯ ಮನೆಯಲ್ಲಿ ಗಿಜೋ ಕಳೆದ ಕೊನೆಯ ಕಾಲು ಶತಮಾನಕ್ಕೆ ನೀವು ಐವತ್ತು ಪುಟ ಕೊಟ್ಟಿದ್ದೀರಿ. ಹತ್ತು ಸಾಕು. ಮೊದಲು 1848ರ ಅಧ್ಯಾಯವನ್ನು ತಿದ್ದಿ ಕಳುಹಿಸಿ. ಅದು ಕೂತರೆ ಉಳಿದ ಅಧ್ಯಾಯಗಳಲ್ಲಿ ಏನು ಇರಬೇಕು, ಏನು ಹೋಗಬೇಕು ಎಂಬುದು ನಿಮಗೇ ಗೊತ್ತಾಗುತ್ತದೆ. ದೀಪಾವಳಿಯ ತನಕ ನಾನು ಊರಲ್ಲೇ ಇರುತ್ತೇನೆ.

ಇಂತಿ ನಿಮ್ಮ ಹಿತೈಷಿ