ಮಗಳಿಗೊಂದು ಪತ್ರ: ನಿನ್ನ ಪುಟಗಳನ್ನು ಓದುವವರು ಯಾರು?

ದಾವಣಗೆರೆ,
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ಹೋದ ವಾರ ಊಟಕ್ಕೆ ಕುಳಿತಾಗ ನೀನು ಎಂ.ಎಫ್.ಎ., ಅಂದರೆ ಬರವಣಿಗೆಯಲ್ಲಿ ಸ್ನಾತಕೋತ್ತರ ಪದವಿ ಮಾಡುವ ವಿಷಯ ತೆಗೆದೆ. ‘ಕಥೆ ಬರೆಯುವುದಕ್ಕೂ ಪದವಿ ಬೇಕೇನಮ್ಮಾ?’ ಎಂದು ಅಪ್ಪ ಕೇಳಿದರು. ನಾನು ಸಾರು ಬಡಿಸುತ್ತಾ ಸುಮ್ಮನಿದ್ದೆ. ಮರುದಿನ ನಸುಕಿನ ಬಸ್ಸಿಗೆ ನೀನು ಹೊಸದುರ್ಗಕ್ಕೆ ಹೊರಟುಬಿಟ್ಟೆ. ಅಮ್ಮನಿಗೂ ಇಷ್ಟವಿಲ್ಲ ಎಂದುಕೊಂಡು ಹೋದೆಯೋ ಏನೋ. ನನಗೆ ಹೇಳುವುದು ಬಹಳ ಇತ್ತು, ಅನ್ನದ ತಟ್ಟೆಯ ಮುಂದೆ ಮುಗಿಯುವ ಮಾತಾಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಕೋರ್ಸುಗಳ ಬಗ್ಗೆ ನೀನು ಮೇಜಿನ ಮೇಲೆ ಬಿಟ್ಟುಹೋದ ಮುದ್ರಿತ ಹಾಳೆಗಳನ್ನು ಎರಡು ಸಲ ಓದಿದೆ. ಅಮೆರಿಕದಲ್ಲಿ ಬರವಣಿಗೆಯನ್ನು ಪದವಿಯಾಗಿ ಕಲಿಸುವುದು ಹೊಸದೇನೂ ಅಲ್ಲ. ಅಯೊವಾ ವಿಶ್ವವಿದ್ಯಾಲಯದ ಬರಹಗಾರರ ಕಮ್ಮಟ 1936ರಷ್ಟು ಹಳೆಯದು. ಆದರೆ ನನ್ನ ಮನಸ್ಸು ನಿಂತದ್ದು 1976ರ ಸಂಗತಿಯ ಮೇಲೆ. ವರ್ಮಾಂಟ್ ರಾಜ್ಯದ ಗೊಡಾರ್ಡ್ ಕಾಲೇಜಿನಲ್ಲಿ ಎಲೆನ್ ಬ್ರಯಂಟ್ ವಾಯ್ಟ್ ಎಂಬ ಕವಯಿತ್ರಿ, ಮನೆ, ಮಕ್ಕಳು, ನೌಕರಿ ಬಿಟ್ಟು ಬರಲಾಗದವರೂ ಓದಬಹುದಾದ ಕೋರ್ಸನ್ನು ಕಟ್ಟಿದರು. ವರ್ಷಕ್ಕೆ ಎರಡು ಸಲ, ಸುಮಾರು ಹತ್ತು ಹತ್ತು ದಿನ, ಎಲ್ಲರೂ ಒಂದೆಡೆ ಸೇರಿ ಕಮ್ಮಟ, ಉಪನ್ಯಾಸ, ವಾಚನ. ಉಳಿದ ತಿಂಗಳುಗಳಲ್ಲಿ ಅವರವರ ಊರಿನಲ್ಲೇ ಬರೆಯುವುದು. ಮೂರು ನಾಲ್ಕು ವಾರಕ್ಕೊಮ್ಮೆ ಹೊಸ ಪುಟಗಳು, ಓದಿದ ಪುಸ್ತಕಗಳ ಬಗ್ಗೆ ಟಿಪ್ಪಣಿ, ಜೊತೆಗೊಂದು ಪತ್ರ, ಇಷ್ಟನ್ನೂ ಮಾರ್ಗದರ್ಶಕರಿಗೆ ಕಳಿಸುವುದು. ಅವರು ಸಾಲು ಸಾಲನ್ನೂ ಓದಿ, ಪುಟಗಟ್ಟಲೆ ಉತ್ತರ ಬರೆಯುವುದು. ಎರಡು ವರ್ಷ ಹೀಗೆ ನಡೆದು, ಕೊನೆಗೆ ಒಂದು ಪುಸ್ತಕದಷ್ಟು ಹಸ್ತಪ್ರತಿ. 1981ರಲ್ಲಿ ಆ ಕೋರ್ಸ್ ನಾರ್ತ್ ಕೆರೊಲಿನಾದ ವಾರನ್ ವಿಲ್ಸನ್ ಕಾಲೇಜಿಗೆ ಹೋಯಿತು. ಮುಂದೆ ಎಷ್ಟೋ ಕಾಲೇಜುಗಳು ಅದೇ ದಾರಿ ಹಿಡಿದವು. ಈಗ ಅಂಚೆಯ ಜಾಗಕ್ಕೆ ಇಮೇಲ್ ಬಂದಿದೆ, ಕ್ರಮ ಅದೇ.

ಇದನ್ನು ಓದುವಾಗ ನನಗೆ ನನ್ನದೇ ಓದು ನೆನಪಾಯಿತು. ನಾವು ‘ಅಂಚೆ ತೆರಪಿನ ಶಿಕ್ಷಣ’ ಎನ್ನುತ್ತಿದ್ದೆವು. ತೆರಪು ಎನ್ನುವುದು ಎಷ್ಟು ಒಳ್ಳೆಯ ಮಾತು ನೋಡು. ಕೆಲಸಗಳ ನಡುವೆ ಸಿಕ್ಕ ಸಂದಿಯಲ್ಲಿ ಕಲಿಯುವುದು. ಊರವರು ಮಾತ್ರ ‘ಕರೆಸ್ಪಾಂಡೆನ್ಸ್ ಎಂ.ಎ. ತಾನೇ’ ಎಂದು ಮೂಗು ಮುರಿಯುತ್ತಿದ್ದರು. ಆ ಮಾತು ನಿನಗೂ ಬರುತ್ತದೆ, ತಲೆ ಕೆಡಿಸಿಕೊಳ್ಳಬೇಡ. ನನಗೆ ನೋವಾದದ್ದು ಅದರಿಂದಲ್ಲ.

ನಿನಗಾಗ ಎರಡು ವರ್ಷ. ನಿನ್ನನ್ನು ಮಲಗಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಹರಡಿಕೊಂಡು, ಅಕ್ಕಮಹಾದೇವಿಯ ವಚನಗಳ ಮೇಲೆ ಇಪ್ಪತ್ತೆರಡು ಪುಟದ ನಿಬಂಧ ಬರೆದೆ. ಯಾವ ಗೈಡ್ ನೋಡಿಯೂ ಬರೆದದ್ದಲ್ಲ, ನನಗೆ ಅನಿಸಿದ್ದನ್ನೇ ಬರೆದೆ. ಎರಡು ತಿಂಗಳ ಮೇಲೆ ಅದು ಮರಳಿ ಬಂತು. ಮೊದಲ ಪುಟದಲ್ಲಿ ಕೆಂಪು ಶಾಯಿಯ ಅಂಕ, ಕೆಳಗೊಂದು ಸಹಿ. ಒಳಗೆ ಏನಾದರೂ ಬರೆದಿದ್ದಾರೆಯೇ ಎಂದು ಒಂದೊಂದೇ ಪುಟ ತಿರುವಿದೆ. ಒಂಬತ್ತು, ಹತ್ತನೇ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನೀನು ಚೆಲ್ಲಿದ್ದ ರಾಗಿ ಗಂಜಿ ಒಣಗಿ ಹಾಗಾಗಿತ್ತು. ಕಳಿಸುವಾಗ ನಾನು ಗಮನಿಸಿರಲಿಲ್ಲ. ನಡುವೆ ಯಾರೂ ಅದನ್ನು ಬಿಡಿಸಿ ನೋಡಿರಲಿಲ್ಲ. ಅಕ್ಕ ಮನೆ ಬಿಟ್ಟು ನಡೆದ ಭಾಗ ಆ ಹಾಳೆಗಳಲ್ಲಿತ್ತು, ನಾನು ತುಂಬಾ ಮನಸ್ಸಿಟ್ಟು ಬರೆದ ಭಾಗ.

ಆ ಪದವಿಯಿಂದ ನನಗೆ ಬಡ್ತಿ ಸಿಕ್ಕಿತು, ಸಂಬಳ ಹೆಚ್ಚಾಯಿತು. ಆದರೆ ನನ್ನ ಬರವಣಿಗೆ ಅಲ್ಲಿಗೇ ನಿಂತಿತು.

ಅದಕ್ಕೇ ಹೇಳುತ್ತೇನೆ, ಪುಟ್ಟಿ, ಯಾವ ಕೋರ್ಸಿಗೆ ಸೇರುವ ಮುನ್ನವೂ ಮೊದಲು ಇದನ್ನೇ ಕೇಳು: ನನ್ನ ಪುಟಗಳನ್ನು ಯಾರು ಓದುತ್ತಾರೆ, ಓದಿ ಎಷ್ಟು ಬರೆಯುತ್ತಾರೆ? ಅಲ್ಲಿ ಓದಿ ಮುಗಿಸಿದವರನ್ನು ಹುಡುಕಿ ವಿಚಾರಿಸು. ಕಾಲೇಜಿನ ಹೆಸರು, ಪ್ರಾಧ್ಯಾಪಕರು ಪಡೆದ ಪ್ರಶಸ್ತಿ ಆಮೇಲೆ ನೋಡಿದರಾಯಿತು. ಒಬ್ಬರು ಗಮನವಿಟ್ಟು ಓದಿ ಬರೆದ ನಾಲ್ಕು ಪುಟದ ಕಾಗದ ಕೈಗೆ ಬಂದರೆ, ಹೊಸದುರ್ಗದ ಬಾಡಿಗೆ ಕೋಣೆಯಲ್ಲಿ ಕುಳಿತೇ ನೀನು ಬೇಕಾದಷ್ಟು ಕಲಿಯಬಲ್ಲೆ.

ಹಣದ ಮಾತನ್ನೂ ಆಡಿಬಿಡುತ್ತೇನೆ. ಅಲ್ಲಿಯೇ ಉಳಿದು ಓದುವ ಕೆಲವು ಕೋರ್ಸುಗಳಲ್ಲಿ ಶುಲ್ಕ ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತಾರೆ. ತೆರಪಿನ ಕೋರ್ಸುಗಳಲ್ಲಿ ಅಂಥ ನೆರವು ಅಪರೂಪ, ಶುಲ್ಕ ಹತ್ತಾರು ಸಾವಿರ ಡಾಲರ್. ಅದರ ಮೇಲೆ ವಿಮಾನ, ವೀಸಾ. ಗೊಡಾರ್ಡ್ ಕಾಲೇಜೇ 2024ರಲ್ಲಿ ಮುಚ್ಚಿಹೋಯಿತು. ಹಾಗಾಗಿ ಕಟ್ಟುವ ಮುನ್ನ ಸಂಸ್ಥೆ ಗಟ್ಟಿಯಾಗಿದೆಯೇ ಎಂದು ನೋಡು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಂಥ ಕಡೆ ಕ್ರಿಯೇಟಿವ್ ರೈಟಿಂಗ್ ಎಂ.ಎ. ಪೂರ್ತಿ ದೂರದಿಂದಲೇ ನಡೆಯುತ್ತದೆ, ಪ್ರಯಾಣದ ಖರ್ಚು ಇರುವುದಿಲ್ಲ. ನಮ್ಮ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸೃಜನಶೀಲ ಬರವಣಿಗೆಯ ಡಿಪ್ಲೊಮಾ ಇದೆ. ಅದು ಸ್ನಾತಕೋತ್ತರ ಪದವಿಯಲ್ಲ, ಆದರೆ ಶಾಲೆಯ ಕೆಲಸ ಮುಗಿಸಿ ಬಂದು ದಿನವೂ ಬರೆಯಲು ನಿನ್ನಿಂದ ಆಗುತ್ತದೆಯೇ ಎಂಬುದು ಕಡಿಮೆ ಖರ್ಚಿನಲ್ಲಿ ತಿಳಿಯುತ್ತದೆ. ನೌಕರಿ ಮಾತ್ರ ಬಿಡಬೇಡ. ನನ್ನ ಹೆಸರಿನಲ್ಲಿರುವ ಠೇವಣಿಯ ಬಗ್ಗೆ ನೀನು ಬಂದಾಗ ಮಾತಾಡೋಣ, ಅಪ್ಪನಿಗೆ ಆಗಲೇ ಹೇಳಿದ್ದೇನೆ.

ನೀನು ಬರೆಯುವುದು ಕನ್ನಡದಲ್ಲಿ, ಆ ಕೋರ್ಸುಗಳು ಇಂಗ್ಲಿಷಿನಲ್ಲಿ. ಇದು ನನ್ನನ್ನು ಕಾಡುತ್ತಿದೆ. ಕೆಲವು ಕಡೆ ಅನುವಾದವನ್ನೂ ಒಂದು ವಿಷಯವಾಗಿ ಕಲಿಸುತ್ತಾರೆ. ಅಂಥದ್ದು ಸಿಕ್ಕರೆ ನಿನ್ನ ಕಥೆಗಳನ್ನು ನೀನೇ ಇಂಗ್ಲಿಷಿಗೆ ತಂದುಕೊಳ್ಳಬಹುದು. ಕನ್ನಡದಲ್ಲಿ ಬರೆಯುವುದನ್ನು ನಿಲ್ಲಿಸಿದರೆ ಮಾತ್ರ ನನಗೆ ಸಂಕಟವಾಗುತ್ತದೆ.

ಇನ್ನು ನಿನ್ನ ಮಂಡಕ್ಕಿ ಭಟ್ಟಿಯ ಕಥೆ. ಅಂದು ಬರಿದೇ ‘ಚೆನ್ನಾಗಿದೆ’ ಎಂದು ಮಡಿಸಿಟ್ಟೆ, ತಪ್ಪು ಮಾಡಿದೆ. ಈ ವಾರ ಪೆನ್ಸಿಲ್ ಹಿಡಿದು ಮತ್ತೆ ಓದಿದ್ದೇನೆ, ಹಾಳೆಗಳನ್ನು ಇದರೊಂದಿಗೇ ಇಟ್ಟಿದ್ದೇನೆ. ಏಳನೇ ಪುಟವನ್ನು ಮೊದಲು ನೋಡು. ಅಲ್ಲಿ ಅವಳು ಬಾಣಲೆಯ ಮುಂದೆ ನಿಂತು ಒಂದೂವರೆ ಪುಟ ತನ್ನ ಬದುಕನ್ನೆಲ್ಲ ನೆನೆಯುತ್ತಾಳೆ. ಕಾದ ಮರಳಿಗೆ ಬಿದ್ದ ಅಕ್ಕಿ ಕಣ್ಣು ಮಿಟುಕಿಸುವುದರೊಳಗೆ ಅರಳುತ್ತದೆ, ತಡೆದರೆ ಕರಕಲು. ಅವಳಿಗೆ ನೆನೆಯುವಷ್ಟು ಹೊತ್ತೆಲ್ಲಿದೆ? ಅವಳ ಕೈಯನ್ನು ಬರೆ. ಜರಡಿಗೆ ಎತ್ತಿ ಹಾಕುವುದು, ಮರಳು ಕೆಳಗೆ ಸುರಿಯುವುದು, ಮತ್ತೆ ಮುಂದಿನ ಹಿಡಿ ಅಕ್ಕಿ. ನೆನಪು ಅದರ ನಡುವೆ ಚೂರು ಚೂರಾಗಿ ಬರಲಿ.

ಭಟ್ಟಿಯಲ್ಲಿ ದುಡಿದ ನಿನ್ನ ಅಜ್ಜಿಯ ಬಲಗೈ ಮೇಲೆ, ಮೊಣಕೈವರೆಗೂ, ಒಂದು ಕೂದಲೂ ಇರಲಿಲ್ಲ. ಬೆಂಕಿಯ ಝಳಕ್ಕೆ ಸುಟ್ಟುಹೋಗಿದ್ದವು. ಚಿಕ್ಕಂದಿನಲ್ಲಿ ಆ ಕೈ ಹಿಡಿದು ಮಲಗುತ್ತಿದ್ದೆ, ಬಹಳ ನುಣುಪಾಗಿತ್ತು. ಇದನ್ನು ನಿನಗೆ ಎಂದೂ ಹೇಳಿರಲಿಲ್ಲ.

ಆ ಪುಟವನ್ನು ತಿದ್ದಿ ಬರೆದು ಶನಿವಾರ ಬರುವಾಗ ತಾ. ಅಪ್ಪನಿಗೂ ಒಂದು ಪ್ರತಿ ಇರಲಿ, ಅವರೂ ಕೇಳುತ್ತಿದ್ದಾರೆ.

ಆಶೀರ್ವಾದಗಳೊಂದಿಗೆ,
ನಿನ್ನ ಅಮ್ಮ